ಹತ್ತಿ ತುಂಬಿದ ಪಾಸ್‌ಪೋರ್ಟ್

ಡ್ರಾಯರಿನಲ್ಲಿ ಎರಡೇ ಪಾಸ್‌ಪೋರ್ಟ್ ಇದ್ದವು. ಇರಬೇಕಾದದ್ದು ಮೂರು.

ಆಯ್ತಪ್ಪ ಡ್ರಾಯರನ್ನು ಪೂರ್ತಿ ಎಳೆದು ಮೇಜಿನ ಮೇಲೆ ಬೋರಲು ಹಾಕಿದ. ಸ್ಟೇಪ್ಲರ್ ಬಿತ್ತು, ರಬ್ಬರ್ ಸ್ಟಾಂಪು ಬಿತ್ತು, ಒಣಗಿದ ಗೋಂದಿನ ಬಾಟಲಿ ಬಿತ್ತು. ಗಿರಾಕಿ ಟೀಚರಮ್ಮನ ಪಾಸ್‌ಪೋರ್ಟ್ ಮಾತ್ರ ಬೀಳಲಿಲ್ಲ. ನಾಳೆ ಬೆಳಿಗ್ಗೆ ಫೆರಿ ಹೊರಡುತ್ತದೆ. ತಪ್ಪಿದರೆ ಮುಂದಿನದು ಹದಿನೈದು ದಿನಕ್ಕೆ. ಸಮುದ್ರದಾಚೆ ಟೀಚರಮ್ಮನ ಒಬ್ಬಳೇ ಮಗಳು ತುಂಬಿದ ಬಸುರಿ. ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳೆ. ಅವಳು ಹದಿನೈದು ದಿನ ಕಾಯುವಳೆ?

ಟ್ರಾವೆಲ್ ಏಜೆಂಟನಾದ ಇವನ ನಿಜವಾದ ಹೆಸರು ಹೊರಗಿನ ಬೋರ್ಡಿನ ಮೇಲಿತ್ತು, ಅದನ್ನು ಓದಿದವರು ಯಾರೂ ಇರಲಿಲ್ಲ. ಗಿರಾಕಿ ಏನು ಕೇಳಿದರೂ ‘ಆಯ್ತು’ ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಯ್ತಪ್ಪ. ಕಿಟಕಿ ಪಕ್ಕದ ಸೀಟು ಬೇಕೇ? ಆಯ್ತು. ವೀಸಾ ನಾಳೆಯೇ ಬರಬೇಕೇ? ಆಯ್ತು. ಹಡಗು ಅಲುಗಾಡಬಾರದೇ? ಅದಕ್ಕೂ ಆಯ್ತು.

ಅಂಥದೊಂದು ‘ಆಯ್ತು’ ಈಗ ಅವನ ಕೊರಳಿಗೆ ಸುತ್ತಿಕೊಂಡಿತ್ತು. ಟೀಚರಮ್ಮನ ತಂಗಿಗೆ ಹೊಲಿಗೆಯ ಹುಚ್ಚು. ಅಕ್ಕ, ಭಾವ, ತಾನು ಹೀಗೆ ಹೊರಟಿದ್ದ ಮೂವರ ಪಾಸ್‌ಪೋರ್ಟಿಗೂ ಆಕೆ ಹೂವಿನ ಬಟ್ಟೆಯ ಕವರು ಹೊಲಿದು, ಒಳಗೆ ಹತ್ತಿ ತುಂಬಿ, ಅಂಚಿಗೆ ಲೇಸು ಕಟ್ಟಿ, ಬಿಚ್ಚದ ಹಾಗೆ ನಾಲ್ಕು ಹೊಲಿಗೆ ಬೇರೆ ಹಾಕಿ ತಂದುಕೊಟ್ಟಿದ್ದಳು. “ಇದನ್ನ ಯಾರೂ ಬಿಚ್ಚಕೂಡದು. ಹೇಗೆ ಕೊಟ್ಟಿದೀನೋ ಹಾಗೇ ವಾಪಸ್ ಬರಬೇಕು,” ಎಂದಿದ್ದಳು. ಆಯ್ತಪ್ಪ ಆಯ್ತು ಎಂದಿದ್ದ. ವೀಸಾ ಕೌಂಟರಿನವನು ಅದನ್ನು ಒತ್ತಿ ನೋಡಿ, “ಏನ್ರೀ ಇದು, ಪಾಸ್‌ಪೋರ್ಟೋ ತಲೆದಿಂಬೋ? ಬರೀ ಪುಸ್ತಕ ಕೊಡಿ,” ಎಂದು ವಾಪಸ್ ತಳ್ಳಿದ್ದ.

ಆಯ್ತಪ್ಪ ಅಲ್ಲೇ ಮೂಲೆಯಲ್ಲಿ ನಿಂತು ಹೊಲಿಗೆ ಬಿಚ್ಚಿದ್ದ. ಕವರುಗಳನ್ನು ಯಾರಿಗೂ ಹೇಳದೆ ಮನೆಯಲ್ಲಿಟ್ಟಿದ್ದ. ನಿನ್ನೆ ಮಧ್ಯಾಹ್ನ ವೀಸಾ ಅಂಟಿಸಿಕೊಂಡು ಪಾಸ್‌ಪೋರ್ಟುಗಳು ಬೋಳಾಗಿಯೇ ಬಂದವು. ಅವನ್ನು ಡ್ರಾಯರಿಗೆ ಹಾಕಿದ. ಇವತ್ತು ಆಫೀಸಿಗೆ ಬೇಗ ಬಂದು, ಸೂಜಿ ದಾರ ಹಿಡಿದು ಎರಡಕ್ಕೆ ಅಂಗಿ ತೊಡಿಸಿದ್ದೂ ಆಗಿತ್ತು. ಮೂರನೆಯ ಕೆಂಪು ಕವರು ಕೈಯಲ್ಲಿ ಉಳಿಯಿತು. ಅದಕ್ಕೆ ತೂರಿಸಲು ಪಾಸ್‌ಪೋರ್ಟೇ ಇಲ್ಲ!

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಆಯ್ತಪ್ಪ ಕೆಂಪು ಕವರನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಜೇಬು ಬನ್ನಿನ ಹಾಗೆ ಉಬ್ಬಿತು.

ಮೊದಲು ಬಂದವರು ಅವನ ಅತ್ತೆ. ಮಗಳ ಮನೆಗೆಂದು ಬಂದು, ಮನೆಯಲ್ಲಿ ಹೊತ್ತು ಹೋಗದೆ, ಬೆಳಗಿನ ಹೊತ್ತು ಅಳಿಯನ ಆಫೀಸಿನ ಮೂಲೆ ಕುರ್ಚಿಯಲ್ಲಿ ಪೇಪರು ಓದುತ್ತಾ ಕೂರುತ್ತಿದ್ದರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ರಿಟೈರ್ ಆದವರು. ಸೋಪು ಕದ್ದವಳನ್ನು ಊಟದ ಸಾಲಿನಲ್ಲಿ ವಾಸನೆಯಿಂದಲೇ ಹಿಡಿದವರು ಎಂದು ಖ್ಯಾತಿ. ಆಯ್ತಪ್ಪನಿಗೆ ಆಕೆಯ ಕನ್ನಡಕ ಕಂಡರೇ ಬಾಯಿ ಒಣಗುತ್ತಿತ್ತು.

“ಏನು ಅಳಿಯಂದ್ರೇ, ಡ್ರಾಯರ್‌ಗೆ ಸ್ನಾನ ಮಾಡಿಸ್ತಿದೀರಾ?”

ಉತ್ತರ ಹೇಳುವಷ್ಟರಲ್ಲಿ ಗಿರಾಕಿಗಳೂ ಬಂದರು. ಮುಂದೆ ಕ್ಯಾಪ್ಟನ್, ತಲೆಯ ಮೇಲೆ ಬಿಳಿ ಟೋಪಿ. ಟೀಚರಮ್ಮನ ಗಂಡನಾದ ಇವರು ಬಂದರಿನಲ್ಲಿ ಕೆಲಸ ಮಾಡಿದವರು. ಬಿರುಗಾಳಿ, ತಿಮಿಂಗಿಲ ಎಂದು ಸಮುದ್ರದ ಕಥೆ ಶುರು ಮಾಡಿದರೆ ಕೇಳುವವರ ಬಟ್ಟೆ ಒದ್ದೆಯಾಗಬೇಕು. ಹಿಂದೆ ಟೀಚರಮ್ಮ. ಅವರ ಹಿಂದೆ ತಂಗಿ.

ಆಯ್ತಪ್ಪ ಖಾಲಿ ಡ್ರಾಯರನ್ನು ಮೇಜಿಗೆ ತೂರಿಸಿದ. “ಟೀಚರಮ್ಮ... ನಿಮ್ಮ ಪಾಸ್‌ಪೋರ್ಟ್ ಕಾಣಿಸ್ತಿಲ್ಲ.”

ಟೀಚರಮ್ಮ ತಟ್ಟನೆ ಕುರ್ಚಿಯಲ್ಲಿ ಕುಸಿದರು.

“ಕಾಣಿಸ್ತಿಲ್ಲ ಅಂದ್ರೆ?” ತಂಗಿ ಮೈಮೇಲೇ ಬಂದಳು. “ಕೆಂಪು ಬಟ್ಟೆ, ಹಳದಿ ಹೂವು. ದಿಂಬಿನ ಹಾಗಿದೆ. ಅದು ಕಾಣಿಸಲ್ಲ ಅಂದ್ರೆ ನಿಮ್ಮ ಕಣ್ಣಿಗೇನಾಗಿದೆ?”

“ಗಾಬರಿ ಬೇಡ!” ಕ್ಯಾಪ್ಟನ್ ಕೈಯೆತ್ತಿದರು. “ಎಂಥೆಂಥ ಬಿರುಗಾಳೀಲೂ ನಾನು ಚುಕ್ಕಾಣಿ ಬಿಟ್ಟೋನಲ್ಲ. ಎಲ್ಲರೂ ಹುಡುಕಿ!”

ಆಫೀಸು ರಣರಂಗವಾಯಿತು. ತಂಗಿ ಸೋಫಾದ ದಿಂಬುಗಳನ್ನು ಒಂದೊಂದಾಗಿ ಹಿಸುಕಿ ನೋಡಿದಳು. ಟೀಚರಮ್ಮ ಮೂಲೆಯ ದೊಡ್ಡ ಬುಟ್ಟಿಗೆ ಕೈಹಾಕಿದರು. ಕ್ಯಾಪ್ಟನ್ ಮೇಜಿನ ಮೇಲಿದ್ದ ಸ್ಕೇಲು ಎತ್ತಿಕೊಂಡು, ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮೇಲಿಂದ ಕೆಳಗೆ ಆಡಿಸಿದರು. “ಇಂಥ ಕಡೆ ಜಾರಿಬಿಟ್ರೆ ಗೊತ್ತೇ ಆಗಲ್ಲ,” ಎಂದರು. ಸಂದಿಯಿಂದ ಬಂದದ್ದು ಒಂದು ಸತ್ತ ಜಿರಲೆ.

ಅತ್ತೆ ಪೇಪರು ಮಡಿಸಿಟ್ಟರು.

“ಸಾಕು, ಎಲ್ಲರೂ ಕೂತ್ಕೊಳ್ಳಿ. ಅಳಿಯಂದ್ರೇ, ನಿನ್ನೆ ಸಂಜೆ ನಾನಿರಲಿಲ್ಲ. ಡ್ರಾಯರ್‌ಗೆ ಬೀಗ ಹಾಕಿದ್ರಾ?”

“ಹಾಕಿದ್ದೆ ಅತ್ತೆ.”

“ಬೀಗದಕೈ?”

“ಬೀಗದಲ್ಲೇ ಇತ್ತು.”

“ಒಳ್ಳೇದಾಯ್ತು. ಯಾರ್ಯಾರು ಬಂದಿದ್ರು?”

“ನಾನು ಬಂದಿದ್ದೆ,” ಎಂದಳು ತಂಗಿ. “ಕವರು ಕೊಳೆ ಆಗಿಲ್ಲ ತಾನೇ ಅಂತ ಕೇಳೋಕೆ. ಇವರು ತೋರಿಸೋದು ಬಿಟ್ಟು ಟೀ ತರ್ತೀನಿ ಅಂತ ಕೆಳಗೋಡಿದ್ರು. ಅಷ್ಟೊತ್ತು ಕಾದೆ, ಟೀನೂ ಬಂತು, ಕವರು ಮಾತ್ರ ನೋಡಲಿಲ್ಲ.”

“ನಾನೂ ಬಂದಿದ್ದೆ,” ಎಂದರು ಕ್ಯಾಪ್ಟನ್. “ಕ್ಯಾಬಿನ್ನಿನ ಚಿತ್ರ ನೋಡೋಕೆ. ಹಡಗು ಎಂಥದು, ಎಷ್ಟು ದೊಡ್ಡದು, ಅನುಭವಸ್ಥರು ನೋಡ್ಬೇಕಲ್ಲ? ಇವರಿಗೆ ಫೋನ್ ಬಂತು, ಮೆಟ್ಟಿಲ ಹತ್ರ ಹೋಗಿ ಮಾತಾಡ್ತಿದ್ರು.”

“ನೀವು?” ಅತ್ತೆ ಟೀಚರಮ್ಮನತ್ತ ತಿರುಗಿದರು. “ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮಗೆ ಹೋಗೋ ಮನಸ್ಸಿದೆ ತಾನೇ?”

ಟೀಚರಮ್ಮನ ಕಣ್ಣು ತುಂಬಿತು. “ನಿನ್ನೆ ಮನೆಯಿಂದ ಆಚೆ ಬಂದಿಲ್ಲ ನಾನು. ಮಗೂಗೆ ಬಟ್ಟೆ ಜೋಡಿಸ್ತಾ ಇದ್ದೆ. ಮಗಳು ಫೋನ್ ಮಾಡಿ ಅತ್ತಳು. ‘ಅಮ್ಮಾ, ನೀನು ಬರೋವರೆಗೂ ಹೇಗಾದ್ರೂ ತಡ್ಕೋತೀನಿ’ ಅಂದ್ಳು. ಅದೇನು ತಡ್ಕೊಳ್ಳೋ ಅಂಥದ್ದಾ ಹೇಳಿ?”

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

“ಒಂದು ಮಾತು ಹೇಳ್ತೀನಿ. ಇವಳಿಲ್ಲದ ಪ್ರಯಾಣ ನನಗೂ ಬೇಡ. ನಾದಿನಿ ಹೋಗಿ ಮಗಳನ್ನ ನೋಡ್ಕೊಳ್ಳಲಿ. ನಾನು ಹೆಂಡ್ತಿ ಜೊತೆ ಇಲ್ಲೇ ಇರ್ತೀನಿ. ಸಮುದ್ರ ಎಲ್ಲಿಗೆ ಹೋಗುತ್ತೆ?”

ಎಂಥ ತ್ಯಾಗ! ಆಯ್ತಪ್ಪನಿಗೂ ಮೂಗು ಒದ್ದೆಯಾಯಿತು. ಕರ್ಚೀಫಿಗೆಂದು ಜೇಬಿಗೆ ಕೈಹಾಕಿ ಎಳೆದ. ಬಂದದ್ದು ಕರ್ಚೀಫಲ್ಲ. ಕೆಂಪು ಬಟ್ಟೆ, ಹಳದಿ ಹೂವು.

“ಅಯ್ಯೋ! ನನ್ನ ಕವರು!” ತಂಗಿ ಚೀರಿದಳು. “ಕಳ್ಳ ಇಲ್ಲೇ ಇದಾನೆ!”

“ಪೊಲೀಸರನ್ನ ಕರೀರಿ!” ಎಂದರು ಕ್ಯಾಪ್ಟನ್. ಅವರ ದನಿ ಎಲ್ಲರದಕ್ಕಿಂತ ಜೋರಾಗಿತ್ತು.

ಆಯ್ತಪ್ಪ ತೊದಲುತ್ತಾ ಎಲ್ಲವನ್ನೂ ಕಕ್ಕಿದ — ಕೌಂಟರಿನವನು ಅಂದದ್ದು, ಹೊಲಿಗೆ ಬಿಚ್ಚಿದ್ದು, ಬೋಳು ಪಾಸ್‌ಪೋರ್ಟುಗಳನ್ನು ಡ್ರಾಯರಿನಲ್ಲಿಟ್ಟಿದ್ದು, ಬೆಳಿಗ್ಗೆ ಕೂತು ಮತ್ತೆ ಹೊಲಿದದ್ದು.

“ಬಿಚ್ಚಿದ್ರಾ? ಮತ್ತೆ ನೀವೇ ಹೊಲಿದ್ರಾ?” ತಂಗಿಗೆ ಕಳ್ಳತನಕ್ಕಿಂತ ಇದೇ ದೊಡ್ಡದಾಯಿತು. ಮೇಜಿನ ಮೇಲಿದ್ದ ತನ್ನ ಪಾಸ್‌ಪೋರ್ಟನ್ನು ಎತ್ತಿ ನೋಡಿದಳು. “ಥೂ, ಗೋಣಿಚೀಲ ಹೊಲಿದ ಹಾಗಿದೆ!”

“ಅಂದ್ರೆ ಕದ್ದಿದ್ದೂ ಇವರೇ,” ಎಂದರು ಕ್ಯಾಪ್ಟನ್.

“ಇವರಲ್ಲ,” ಎಂದರು ಅತ್ತೆ. “ಕದಿಯೋಕೂ ಒಂದು ಧೈರ್ಯ ಬೇಕು. ಹೊಲಿಗೆ ಬಿಚ್ಚಿದ್ದನ್ನ ಹೇಳೋಕೇ ನಮ್ಮ ಅಳಿಯಂದ್ರ ಕೈಲಿ ಆಗಲಿಲ್ಲ.”

ಇದು ಹೊಗಳಿಕೆಯೋ ತೆಗಳಿಕೆಯೋ ಆಯ್ತಪ್ಪನಿಗೆ ತಿಳಿಯಲಿಲ್ಲ. ಆದರೂ ಜೀವ ಬಂದ ಹಾಗಾಯಿತು.

“ಹಾಗಾದ್ರೆ ನಾನು ಅಂತೀರಾ?” ತಂಗಿ ಸೊಂಟಕ್ಕೆ ಕೈಕೊಟ್ಟಳು.

“ನೀವು ನಿನ್ನೆ ಆ ಡ್ರಾಯರ್ ತೆಗೆದಿದ್ರೆ ಬೋಳು ಪಾಸ್‌ಪೋರ್ಟ್ ಕಣ್ಣಿಗೆ ಬೀಳ್ತಿತ್ತು. ಸೂರು ಹಾರಿಹೋಗೋ ಹಾಗೆ ಕೂಗಾಡ್ತಿದ್ರಿ. ನಾನು ಮನೇಲಿ ಮಲಗಿದ್ದಲ್ಲೇ ಕೇಳಿಸ್ಕೊಳ್ತಿದ್ದೆ.”

ತಂಗಿ ಯೋಚಿಸಿ, ಅದು ನಿಜವೆಂದು ತಲೆಯಾಡಿಸಿದಳು.

“ಈಗ ಕೇಳಿ. ಕವರು ಬಿಚ್ಚಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ನೀವು ಹುಡುಕಿದ್ದು ದಿಂಬು. ಸೋಫಾ ಹಿಸುಕಿದ್ರಿ. ನಿಮ್ಮಕ್ಕ ಹುಡುಕಿದ್ದೂ ದಿಂಬೇ. ಬುಟ್ಟಿಗೆ ಕೈಹಾಕಿದ್ರು. ಒಬ್ಬರು ಮಾತ್ರ ಸ್ಕೇಲು ಹಿಡ್ಕೊಂಡು, ಸ್ಕೇಲು ಮಾತ್ರ ತೂರೋ ಸಂದೀಲಿ ಹುಡುಕಿದ್ರು.” ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. “ಹತ್ತಿ ತುಂಬಿದ ಪಾಸ್‌ಪೋರ್ಟು ಆ ಸಂದೀಲಿ ಹೇಗೆ ಜಾರುತ್ತೆ ಕ್ಯಾಪ್ಟನ್? ಅದು ತೆಳ್ಳಗಾಗಿದೆ ಅಂತ ನಿಮಗೆ ಯಾರು ಹೇಳಿದ್ರು?”

ಕ್ಯಾಪ್ಟನ್ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು.

“ಬಂದರಿನಲ್ಲಿ ನಿಮಗೇನು ಕೆಲಸ ಇತ್ತು?”

“ಬಂದರಿನಲ್ಲಿ... ಅಂದ್ರೆ, ಲೆಕ್ಕಪತ್ರದ ವಿಭಾಗ.”

“ಹಡಗು ಯಾವಾಗಲಾದ್ರೂ ಏರಿದೀರಾ?”

“ಒಂದ್ಸಲ. ದಡಕ್ಕೆ ಕಟ್ಟಿತ್ತು.”

“ಆಮೇಲೆ?”

“ಇಳಿದುಬಿಟ್ಟೆ. ಅಲುಗಾಡ್ತಿತ್ತು.”

ತಂಗಿ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಯ್ತಪ್ಪ ಮಾತ್ರ ನಗಲಿಲ್ಲ, ಪಾಪ ಎನ್ನಿಸಿತು.

“ನಿಮ್ಮದನ್ನೇ ಬಚ್ಚಿಟ್ಟಿದ್ರೆ ಇವರಿಬ್ರೂ ನಿಮ್ಮನ್ನ ಬಿಟ್ಟು ಹೊರಟುಬಿಡ್ತಿದ್ರು,” ಅತ್ತೆಯ ದನಿ ಈಗ ಮೆತ್ತಗಾಗಿತ್ತು. “ಕ್ಯಾಪ್ಟನ್ನಿಗೇ ಹಡಗು ತಪ್ಪಿತು ಅಂತ ಎಲ್ಲರೂ ಆಡ್ಕೊಳ್ತಿದ್ರು. ಹೆಂಡ್ತೀದು ಕಳೆದ್ರೆ ನೀವು ಹೆಂಡ್ತಿಗೋಸ್ಕರ ಉಳಿದ ದೇವರಂಥ ಮನುಷ್ಯ. ಎಲ್ಲಿಟ್ಟಿದೀರಿ, ಕೊಡಿ.”

ಕ್ಯಾಪ್ಟನ್ ನಿಧಾನವಾಗಿ ಬಿಳಿ ಟೋಪಿ ತೆಗೆದರು. ಒಳಗಿನ ಪಟ್ಟಿಗೆ ಸಿಕ್ಕಿಸಿಕೊಂಡು ಪಾಸ್‌ಪೋರ್ಟ್ ಕೂತಿತ್ತು. ಅದನ್ನು ಮೇಜಿನ ಮೇಲಿಟ್ಟರು.

“ಹಡಗು ಹೋದ್ಮೇಲೆ ಸಿಕ್ಕಿತು ಅಂತ ಕೊಡೋಣ ಅಂತಿದ್ದೆ,” ಎಂದರು. “ಈ ವಯಸ್ಸಲ್ಲಿ, ನನಗೆ ನೀರು ಕಂಡ್ರೆ ಭಯ ಅಂತ ಹೇಗೆ ಹೇಳ್ಕೊಳ್ಳಲಿ?”

ಟೀಚರಮ್ಮ ಪಾಸ್‌ಪೋರ್ಟನ್ನು ಎತ್ತಿ ಎದೆಗೊತ್ತಿಕೊಂಡರು. ಆಕೆಗೆ ಇಷ್ಟು ಸಿಟ್ಟು ಬರುವುದುಂಟೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಭಯ ಆದ್ರೆ ಭಯ ಅನ್ನಿ. ತಿಮಿಂಗಿಲ ಸುಳ್ಳು ಅಂತ ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು. ನಾನೇನಾದ್ರೂ ಅಂದ್ನಾ? ಆದ್ರೆ ನನ್ನ ಮಗಳು ಅಲ್ಲಿ ಒಬ್ಬಳೇ ನೋವು ತಿನ್ನೋ ಹೊತ್ತಲ್ಲಿ ನನ್ನ ದಾರಿಗೆ ಅಡ್ಡ ಮಲಗಿದ್ರಲ್ಲ, ಅದನ್ನ ಮಾತ್ರ ನಾನು ಮರೆಯಲ್ಲ. ನಾಳೆ ನಾನು ಹೋಗೋದೇ. ನೀವು ಬನ್ನಿ, ಬಿಡಿ.”

ಕ್ಯಾಪ್ಟನ್ ಕುರ್ಚಿಯಲ್ಲಿ ಕೂತರು. ಟೋಪಿಯಿಲ್ಲದ ಅವರ ತಲೆ ಚಿಕ್ಕದಾಗಿ ಕಾಣುತ್ತಿತ್ತು. ಆಯ್ತಪ್ಪನತ್ತ ತಿರುಗಿದರು.

“ಆ ಕ್ಯಾಬಿನ್ನಿಗೆ ಕಿಟಕಿ ಇದೆಯಾ?”

“ಇದೆ ಸಾರ್. ನೀವೇ ಕೇಳಿದ್ರಲ್ಲ, ದೊಡ್ಡ ಕಿಟಕಿ ಬೇಕು ಅಂತ.”

“ಕಿಟಕಿ ಇಲ್ಲದ್ದು ಸಿಗುತ್ತೇನಪ್ಪ?”

ಆಯ್ತಪ್ಪ ಫೋನಿಗೆ ಕೈಹಾಕಿದ. ಟೀಚರಮ್ಮ ಅವನನ್ನು ತಡೆದರು. ಗಂಡನ ಕಡೆ ನೋಡಿದರು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಕಿಟಕಿ ಇರಲಿ ಬಿಡಿ. ಸಮುದ್ರ ನಾನು ನೋಡ್ತೀನಿ. ನೀವು ನನ್ನ ಮುಖ ನೋಡ್ತಾ ಕೂತಿರಿ.”