ಪ್ಲಾಟ್‌ಫಾರ್ಮಿನಲ್ಲಿ ಇನ್ನೂರ ನಲವತ್ತೊಂದನೆಯವರು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಸಿನಿಮಾ ನಿರ್ದೇಶಕರು ಕುರ್ಚಿ ಎಳೆದುಕೊಳ್ಳುವ ಮೊದಲೇ ದೂರು ಹೇಳಿಬಿಟ್ಟರು.

"ಸರ್, ನಮ್ಮ ಸಿನಿಮಾದೊಳಗೆ ಯಾರೋ ಹೆಂಗಸು ನುಗ್ಗಿದ್ದಾಳೆ."

"ಥಿಯೇಟರಿಗಾ?" ಇನ್ಸ್‌ಪೆಕ್ಟರ್ ಕೇಳಿದರು.

"ಥಿಯೇಟರಿಗಲ್ಲ ಸರ್. ಸಿನಿಮಾದೊಳಗೆ."

ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪು ಮುಚ್ಚಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಮನೆಗೆ ನುಗ್ಗಿದವರನ್ನು, ಅಂಗಡಿಗೆ ನುಗ್ಗಿದವರನ್ನು, ಒಮ್ಮೆ ಈಜುಕೊಳಕ್ಕೆ ನುಗ್ಗಿದ ಒಬ್ಬನನ್ನೂ ಅವರು ಹಿಡಿದಿದ್ದರು. ಇದು ಹೊಸದು.

"ಬಿಡಿಸಿ ಹೇಳಿ."

"ಇದು ಕೂತು ನೋಡೋ ಸಿನಿಮಾ ಅಲ್ಲ ಸರ್. ತಲೆಗೆ ಹೆಡ್‌ಸೆಟ್ ಹಾಕ್ಕೊಂಡು ಒಳಗೇ ಓಡಾಡೋದು. ಕೊನೇ ದೃಶ್ಯ ರೈಲ್ವೆ ಸ್ಟೇಷನ್ನು. ಹೀರೋ ಊರು ಬಿಟ್ಟು ಹೋಗ್ತಾನೆ. ಪ್ಲಾಟ್‌ಫಾರ್ಮ್ ತುಂಬ ಇನ್ನೂರ ನಲವತ್ತು ಜನ, ಎಲ್ಲಾ ಎಐ ಮಾಡಿಕೊಟ್ಟಿದ್ದು. ಒಬ್ಬರೂ ನಿಜವಾದ ಮನುಷ್ಯರಲ್ಲ."

"ಸರಿ. ತೊಂದರೆ ಏನು?"

"ಈಗ ಇನ್ನೂರ ನಲವತ್ತೊಂದು ಜನ ಇದ್ದಾರೆ."

ಭಾನುವಾರ ನಲವತ್ತು ಮಂದಿಗೆ ಸಿನಿಮಾ ತೋರಿಸಿದ್ದರಂತೆ. ಅವರಲ್ಲಿ ಇಪ್ಪತ್ತೊಂಬತ್ತು ಮಂದಿ ಹೀರೋಗೆ ಬೆನ್ನು ಹಾಕಿ, ಹಸಿರು ಶಾಲು ಹೊದ್ದ ಹೆಂಗಸೊಬ್ಬಳ ಹಿಂದೆ ಹೋದರಂತೆ.

"ಹೀರೋ ಕಣ್ಣೀರು ಸುರಿಸ್ತಾ ನಿಂತಿದಾನೆ ಸರ್! ಇವರು ಹೊರಗೆ ಬಂದು ನನ್ನನ್ನೇ ಕೇಳ್ತಾರೆ, ಪಾಪ ಆಯಮ್ಮ ಯಾರನ್ನ ಹುಡುಕ್ತಿದ್ರು, ಸಿಕ್ಕರಾ ಅಂತ. ಸಂಜೆ ಅಳಿಸಿದ್ರೆ ಮಾರನೇ ದಿನ ಮಧ್ಯಾಹ್ನ ಮತ್ತೆ ಹಾಜರ್. ಶುಕ್ರವಾರ ಬಿಡುಗಡೆ. ನನ್ನ ಮಾನ ಉಳಿಸಿ."

"ಮುಖ ಹೇಗಿದೆ?"

"ಅದೇ ಸರ್ ಗ್ರಹಚಾರ. ಇದುವರೆಗೂ ಯಾರಿಗೂ ಮುಖ ಕಂಡಿಲ್ಲ."

ಅನುಮತಿಯಿಲ್ಲದೆ ಕಂಪ್ಯೂಟರ್ ಬಳಸಿ ಬದಲಾವಣೆ ಮಾಡಿದ್ದಾರೆಂದು ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಕಾಲಮಿನಲ್ಲಿ "ಹಸಿರು ಶಾಲಿನ ಅಪರಿಚಿತ ಮಹಿಳೆ" ಎಂದು ಬರೆದರು.

ಹನ್ನೆರಡಕ್ಕೆ ಇನ್ಸ್‌ಪೆಕ್ಟರ್ ಸ್ಟುಡಿಯೊ ತಲುಪಿದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್. ಈ ಹೆಡ್ಡಿಗೆ ಠಾಣೆಯಲ್ಲಿ ಎಣಿಕೆ ಮಾವ ಎಂದೇ ಹೆಸರು. ಬಂದೋಬಸ್ತಿಗೆ ಹೋದರೆ ಎಷ್ಟು ತಲೆ ಸೇರಿವೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದರು, ತಪ್ಪಿದರೆ ಒಂದೋ ಎರಡೋ.

ಘಟನಾ ಸ್ಥಳದ ಪಂಚನಾಮೆ ಮಾಡಬೇಕಿತ್ತು. ಸ್ಥಳ ಎಲ್ಲಿದೆ ಎಂಬುದೇ ಪ್ರಶ್ನೆ. ಸ್ಟುಡಿಯೊದ ವಾಚ್‌ಮನ್ನನ್ನೂ ಎದುರು ಅಂಗಡಿಯ ಟೈಲರನ್ನೂ ಪಂಚರಾಗಿ ಕರೆದು, ಇಬ್ಬರ ತಲೆಗೂ ಹೆಡ್‌ಸೆಟ್ ಏರಿಸಲಾಯಿತು. ಟೈಲರ್ ಒಂದು ಹೆಜ್ಜೆ ಇಟ್ಟವರೇ "ಅಯ್ಯಯ್ಯೋ, ರೈಲು ಸಾರ್!" ಎಂದು ಕೂಗಿ ಇನ್ಸ್‌ಪೆಕ್ಟರರನ್ನು ತಬ್ಬಿಕೊಂಡರು. ಮಹಿಳಾ ಕಾನ್‌ಸ್ಟೆಬಲ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತರು. ಸ್ಥಳದ ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯುವಾಗ ಮತ್ತೆ ತಕರಾರಾಯಿತು. ಕೊನೆಗೆ "ಪೂರ್ವಕ್ಕೆ ಗೋಡೆ, ಹೆಡ್‌ಸೆಟ್ ಹಾಕಿದಲ್ಲಿ ಪೂರ್ವಕ್ಕೆ ರೈಲು" ಎಂದು ಬರೆದು ಸಹಿ ಹಾಕಿಸಿದರು.

ಎಣಿಕೆ ಮಾವ ಮಾತ್ರ ಹೆಡ್‌ಸೆಟ್ ತೆಗೆಯಲೇ ಇಲ್ಲ. ಖಾಲಿ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಯಾರಿಗೋ "ಸ್ವಲ್ಪ ದಾರಿ ಬಿಡಿ" ಎನ್ನುತ್ತಿದ್ದರು.

"ಏನ್ರೀ, ಎಷ್ಟು ಹೊತ್ತು?"

"ಸರ್, ಇದು ವಿಚಿತ್ರ. ಬಾಕಿ ಅಷ್ಟೂ ಜನ ನನ್ನನ್ನೇ ನೋಡ್ತಾ ನಗ್ತಿದಾರೆ, ನಾನೇನೋ ಮದುಮಗ ಅನ್ನೋ ಹಾಗೆ. ಈಯಮ್ಮ ಒಬ್ಬರೇ ನೋಡಲ್ಲ. ಎಡಕ್ಕೆ ಹೋದ್ರೆ ಬಲಕ್ಕೆ ತಿರುಗ್ತಾರೆ, ಮುಂದೆ ಬಂದ್ರೆ ಚೀಲ ಸರಿಮಾಡ್ಕೊಳ್ತಾರೆ."

"ಗುರುತು ಸಿಗಬಾರದು ಅಂತ ಅಡಗ್ತಿದ್ದಾಳೆ."

ಎಣಿಕೆ ಮಾವ ಕೊನೆಗೂ ಹೆಡ್‌ಸೆಟ್ ತೆಗೆದರು. "ಅಡಗೋರು ಹೀಗಿರಲ್ಲ ಸರ್. ಶೂಟಿಂಗ್ ಬಂದೋಬಸ್ತಿಗೆ ಎಷ್ಟು ಸಲ ಹೋಗಿದೀನಿ ನಾನು! ಅಸಿಸ್ಟೆಂಟು ಮೈಕ್ ಹಿಡ್ಕೊಂಡು ಇಡೀ ದಿನ ಕಿರಚೋದು ಒಂದೇ ಮಾತು, ಯಾರೂ ಕ್ಯಾಮೆರಾ ನೋಡಬೇಡಿ ಅಂತ. ಇಲ್ಲಿ ಕ್ಯಾಮೆರಾ ಯಾರು? ಹೆಡ್‌ಸೆಟ್ ಹಾಕ್ಕೊಂಡಿರೋ ನಾವೇ ತಾನೆ? ಈಯಮ್ಮ ಹೇಳಿದ ಮಾತು ಕೇಳ್ತಿದಾರೆ, ಅಷ್ಟೇ. ಗುಂಪಲ್ಲಿ ನಿಂತು ಪಳಗಿದ ಜೂನಿಯರ್ ಆರ್ಟಿಸ್ಟ್."

ಇನ್ಸ್‌ಪೆಕ್ಟರ್ ನಿರ್ದೇಶಕರ ಕಡೆ ತಿರುಗಿದರು.

"ನಿಮ್ಮಲ್ಲಿ ಜೂನಿಯರ್ ಆರ್ಟಿಸ್ಟ್‌ಗಳು ಎಷ್ಟು ಜನ?"

"ಈಗ ಯಾರೂ ಇಲ್ಲ ಸರ್. ಗುಂಪೆಲ್ಲ ಎಐದೇ."

"ಎಐಗೆ ಕೆಲಸ ಹೇಳೋದು ಹೇಗೆ?"

"ಬಾಯಲ್ಲಿ ಹೇಳಿದ್ರೆ ಸಾಕು. ಮಾಡುತ್ತೆ."

"ಯಾರು ಹೇಳಿದ್ರೂ?"

ನಿರ್ದೇಶಕರು ಕಂಪ್ಯೂಟರಿನ ಕಡೆ ನೋಡಿದರು. "ಪಾಸ್‌ವರ್ಡ್ ಹಾಕ್ಬೇಕು ಅಂದ್ಕೊಂಡಿದ್ವಿ."

ಎಐಗೆ ಹೇಳಿದ ಮಾತುಗಳೆಲ್ಲ ಅಕ್ಷರದಲ್ಲಿ ಕಂಪ್ಯೂಟರಿನಲ್ಲಿ ಉಳಿದಿದ್ದವು. ಸೋಮವಾರ ಮಧ್ಯಾಹ್ನ ಒಂದು ಇಪ್ಪತ್ತರದ್ದನ್ನು ಮಹಿಳಾ ಕಾನ್‌ಸ್ಟೆಬಲ್ ಓದಿದರು: "ಆ ಟೋಪಿಯವರು ಒಂದು ಹೆಜ್ಜೆ ಬಲಕ್ಕೆ ಬರ್ಲಿ ಕಂದಾ. ಬೆಂಚಿನ ಹತ್ರ ಜಾಗ ಬಿಡ್ಸು. ಈಗ ನನ್ನ ಸೇರ್ಸು. ಊಟ ಆಯ್ತಾ ನಿಂದು?"

"ಒಂದು ಇಪ್ಪತ್ತಕ್ಕೆ ಇಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ. ಒಂದೂಕಾಲಿಗೆ ಎಲ್ಲರೂ ಕ್ಯಾಂಟೀನಿಗೆ ಹೋಗ್ತೀವಿ."

"ಒರೆಸೋ ಅಕ್ಕ ಹೋಗಲ್ಲ ಸಾರ್," ಎಂದರು ವಾಚ್‌ಮನ್. "ಅವ್ರು ಬುತ್ತಿ ತರ್ತಾರೆ."

"ಯಾರು?" ಎಂದರು ನಿರ್ದೇಶಕರು.

ಎರಡು ವರ್ಷದಿಂದ ದಿನಾ ಅವರ ಹೆಡ್‌ಸೆಟ್ ಒರೆಸಿ ಕೈಗೆ ಕೊಡುತ್ತಿದ್ದವರು. ನಿರ್ದೇಶಕರು ಎಷ್ಟು ತಲೆ ಕೆರೆದುಕೊಂಡರೂ ಆ ಮುಖ ನೆನಪಿಗೆ ಬರಲಿಲ್ಲ.

ಮಂಗಳವಾರ ಸಂಜೆ ಬೇಕೆಂದೇ ಹಸಿರು ಶಾಲನ್ನು ಮತ್ತೆ ಅಳಿಸಿದರು. ಬುಧವಾರ ಒಂದು ಇಪ್ಪತ್ತೆರಡಕ್ಕೆ ಮೂವರು ಪೊಲೀಸರು ಪರದೆಯ ಹಿಂದೆ ನಿಂತಿದ್ದರು. ನಟರ ಚಲನೆಯನ್ನು ಸೆರೆಹಿಡಿಯಲು ಸುತ್ತಲೂ ಕ್ಯಾಮೆರಾ ಜೋಡಿಸಿದ್ದ ಕೋಣೆ ಅದು. ಐವತ್ತೆಂಟರ ಹೆಂಗಸೊಬ್ಬರು ಒಳಗೆ ಬಂದು ಬುತ್ತಿ ಕೆಳಗಿಟ್ಟರು, ಚೀಲದಿಂದ ಹಸಿರು ಶಾಲು ತೆಗೆದು ಹೊದ್ದರು. ನಡುವೆ ನಿಂತು ಕತ್ತು ಉದ್ದ ಮಾಡಿ ಇಲ್ಲದ ರೈಲಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಖಾಲಿ ಕೋಣೆ ಒಮ್ಮೆಗೇ ಜನರಿಂದ ತುಂಬಿಹೋದಂತಾಯಿತು.

ಇನ್ಸ್‌ಪೆಕ್ಟರ್ ಪರದೆ ಸರಿಸಿದರು.

"ಬನ್ನಿ ಸಾರ್," ಎಂದರು ಆಕೆ, ಇತ್ತ ತಿರುಗದೆ. "ಒಂದ್ನಿಮಿಷ, ಇದೊಂದು ಮುಗಿಸ್ಬಿಡ್ತೀನಿ."

ಇನ್ಸ್‌ಪೆಕ್ಟರ್ ಒಂದು ನಿಮಿಷ ಕಾದರು. ಯಾಕೆ ಕಾದೆ ಎಂದು ಆಮೇಲೆ ತಮಗೇ ನಾಚಿಕೆಯಾಯಿತು. ಒಂದು ಇಪ್ಪತ್ತಾರಕ್ಕೆ ಬಂಧನ. ವಶಪಡಿಸಿಕೊಂಡ ವಸ್ತು: ಹಸಿರು ಶಾಲು ಒಂದು.

ಎರಡೂವರೆಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಮೊದಲು ಏನು ಕೆಲಸ?"

"ಜೂನಿಯರ್ ಆರ್ಟಿಸ್ಟು. ಮೂವತ್ತೊಂದು ವರ್ಷ. ನಾನು, ನನ್ನ ತಂಗಿ, ಜೋಡಿ."

"ಕೆಲಸ ಹೋಯ್ತು ಅಂತ ಸೇಡಾ?"

"ಸೇಡು ಯಾಕೆ ಸಾರ್? ಆ ಮಷೀನು ಒಳ್ಳೇ ಮಗು ಇದ್ದ ಹಾಗೆ. ಹೇಳಿದ್ದು ಮಾಡುತ್ತೆ, ಎದುರು ಮಾತಾಡಲ್ಲ. ಅದಕ್ಕೆ ಕಲಿಸೋರಿಲ್ಲ, ಅಷ್ಟೇ."

"ಏನು ಕಲಿಸೋದು?"

"ಒಂದಿನ ಒರೆಸಿ ಆದ್ಮೇಲೆ ಹಾಕ್ಕೊಂಡು ನೋಡಿದೆ. ರೈಲ್ವೆ ಸ್ಟೇಷನ್ನಲ್ಲಿ ಇನ್ನೂರ ನಲವತ್ತು ಜನ ನಿಂತಿದಾರೆ, ಒಬ್ರಾದ್ರೂ ಯಾರನ್ನಾದ್ರೂ ಹುಡುಕ್ಬೇಡ್ವಾ? ಹಲ್ಲು ಕಿರ್ಕೊಂಡು ನಿಂತವೆ! ನಂಗೆ ಹೊಟ್ಟೆ ಉರೀತು. ಗುಂಪಲ್ಲಿ ನಿಲ್ಲೋದು ಅಂದ್ರೆ ಸುಮ್ನೆ ನಿಲ್ಲೋದಲ್ಲ ಸಾರ್. ನಾನು, ತಂಗಿ ಯಾವ ಸಿನಿಮಾ ಆದ್ರೂ ಒಂದೇ ಕತೆ ಇಟ್ಕೊಂಡಿದ್ವಿ. ಅವಳು ಆ ತುದಿ, ನಾನು ಈ ತುದಿ. ಸಂತೇಲಿ, ಬೀದೀಲಿ, ಕೋರ್ಟಲ್ಲಿ, ಎಲ್ಲಾದ್ರೂ ನಾನವಳನ್ನ ಹುಡುಕೋದು, ಅವಳು ನನ್ನನ್ನ."

"ಸಿಗ್ತಿದ್ದರಾ?"

"ಎಲ್ಲಿ ಸಾರ್! ಹತ್ರ ಬರೋಷ್ಟರಲ್ಲಿ ಕಟ್ ಅಂತಿದ್ರು. ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಸಿಗ್ಲಿಲ್ಲ." ಆಕೆ ನಕ್ಕರು. ಆಮೇಲೆ ಶಾಲಿಲ್ಲದ ಹೆಗಲನ್ನು ಸವರಿಕೊಂಡರು. "ಜೈಲಾಗುತ್ತಾ? ಈ ಒರೆಸೋ ಕೆಲಸ ಬಿಟ್ರೆ ನಂಗೆ ಸ್ಟುಡಿಯೊ ಒಳಗೆ ಕಾಲಿಡೋಕೆ ದಾರಿ ಇಲ್ಲ."

ಜಾಮೀನು ಸಿಗುವ ಅಪರಾಧ ಎಂದು ಇನ್ಸ್‌ಪೆಕ್ಟರ್ ಸಮಾಧಾನ ಹೇಳಿದರು. ಕೆಲಸದ ಬಗ್ಗೆ ಮಾತ್ರ ಅವರು ಏನೂ ಹೇಳುವಂತಿರಲಿಲ್ಲ. ಜಾಮೀನಿಗಾಗಿ ತಂಗಿಗೆ ಫೋನ್ ಹೋಯಿತು. ಕೇಸ್ ಡೈರಿಯಲ್ಲಿ "ಅಪರಾಧದ ಉದ್ದೇಶ" ಎಂದು ಬರೆದು, ಮುಂದೇನು ಬರೆಯಬೇಕೋ ತೋಚದೆ ಅವರು ಆ ಸಾಲು ಖಾಲಿ ಬಿಟ್ಟರು.

ನಾಲ್ಕು ಹತ್ತಕ್ಕೆ ಆರೋಪಿಯ ಫೋಟೊ ತೆಗೆಯುವ ಕೆಲಸ. ಹೇಳಿಕೆಗೆ ಸಹಿ ಹಾಕಲು ಬಂದ ನಿರ್ದೇಶಕರೂ ಅಲ್ಲೇ ಮೂಲೆಯಲ್ಲಿದ್ದರು.

"ಅಮ್ಮಾ, ಕ್ಯಾಮೆರಾ ನೋಡಿ," ಎಂದರು ಮಹಿಳಾ ಕಾನ್‌ಸ್ಟೆಬಲ್.

ಆಕೆ ಪಕ್ಕಕ್ಕೆ ನೋಡಿದರು.

"ಇಲ್ಲಿ, ಇಲ್ಲಿ ನೋಡೀಮ್ಮ."

"ನೋಡ್ತೀನಿ ಮಗಳೇ, ನೋಡ್ತೀನಿ," ಎನ್ನುತ್ತಲೇ ಕಣ್ಣು ಮತ್ತೆ ಜಾರಿತು. ಹನ್ನೊಂದು ಫೋಟೊ ತೆಗೆದರೂ ಹನ್ನೊಂದರಲ್ಲೂ ಕಿವಿ. ಎಣಿಕೆ ಮಾವ ಲೆಕ್ಕ ಇಟ್ಟಿದ್ದರು.

ಹನ್ನೆರಡನೆಯ ಸಲ ಆಕೆಯ ಕಣ್ಣು ತಾನಾಗಿಯೇ ನೇರವಾಯಿತು, ಮುಖ ಅರಳಿತು. ಕ್ಯಾಮೆರಾ ಕ್ಲಿಕ್ಕೆಂದಿತು. ಎಲ್ಲರೂ ಹಿಂತಿರುಗಿ ನೋಡಿದರು. ಕ್ಯಾಮೆರಾದ ಹಿಂದಿನ ಬಾಗಿಲಲ್ಲಿ, ಮಂಡಿನೋವಿನ ಕಾಲೆಳೆಯುತ್ತ ಇನ್ನೊಬ್ಬ ಹೆಂಗಸು ಒಳಗಿದ್ದ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿದ್ದರು.

"ಎಲ್ಲಿದ್ಯೇ ಇಷ್ಟೊತ್ತು?"

"ಬಸ್ ಸಿಗ್ಲಿಲ್ಲ ಕಣೇ ಅಕ್ಕ!"

ಇಬ್ಬರೂ ಬೆಂಚುಗಳ ನಡುವೆ ಅರ್ಧರ್ಧ ದಾರಿ ನಡೆದು ಬಂದರು. ಕೈ ಹಿಡಿದುಕೊಂಡರು, ನಕ್ಕರು, ಒಬ್ಬರನ್ನೊಬ್ಬರು ಬೈದರು. ನಿರ್ದೇಶಕರು ಅಭ್ಯಾಸಬಲದಿಂದ ಬಾಯಿ ತೆರೆದರು. ಎಣಿಕೆ ಮಾವ ಅವರ ಹೆಗಲ ಮೇಲೆ ಕೈಯಿಟ್ಟು, "ಸುಮ್ನಿರಿ ಸರ್," ಎಂದರು. ಯಾರೂ ಕಟ್ ಅನ್ನಲಿಲ್ಲ.

ಆಮೇಲೆ ನಿರ್ದೇಶಕರು ಇನ್ಸ್‌ಪೆಕ್ಟರರ ಬಳಿ ಬಂದು ತಗ್ಗಿದ ದನಿಯಲ್ಲಿ, "ಸರ್, ನಾಳೆ ಬೆಳಿಗ್ಗೆ ಇವರಿಬ್ಬರೂ ಸ್ಟುಡಿಯೊಗೆ ಬರಬಹುದಾ? ಮಿಕ್ಕ ಇನ್ನೂರ ನಲವತ್ತು ಜನಕ್ಕೂ ಕಲಿಸೋದಿದೆ," ಎಂದರು.

"ಜಾಮೀನಿನ ಮೇಲೆ ಇರೋರು ಕೆಲಸಕ್ಕೆ ಹೋಗಬಾರದು ಅಂತ ಎಲ್ಲೂ ಇಲ್ಲ. ಮೊದಲು ಪಾಸ್‌ವರ್ಡ್ ಹಾಕಿ."

ನಾಲ್ಕು ನಲವತ್ತಕ್ಕೆ ಇನ್ಸ್‌ಪೆಕ್ಟರ್ ಡೈರಿ ತೆರೆದು ಖಾಲಿ ಬಿಟ್ಟಿದ್ದ ಸಾಲನ್ನು ತುಂಬಿದರು. "ಆರೋಪಿಯು ತಮ್ಮ ತಂಗಿಯನ್ನು ಹುಡುಕುತ್ತಿದ್ದರು. ಸಿಕ್ಕಿದ್ದಾರೆ."