ಗುಳ್ಳೆ ಎದ್ದ ಫೋಟೋ

"ಬಿಟ್ರೆ ನನ್ನನ್ನೂ ಲ್ಯಾಮಿನೇಟ್ ಮಾಡ್ಬಿಡ್ತೀರ ನೀವು."

ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಧನಲಕ್ಷ್ಮಿ ಹಾಗಂತ ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. ಆ ನಗುವಿಗೇ ನಂದೀಶ್ ಬಿದ್ದುಹೋಗಿದ್ದು.

ಜಿಗಣಿಯ ಆ ಫ್ಯಾಕ್ಟರಿಯಲ್ಲಿ ಎಲ್ಲರ ಐಡಿ ಕಾರ್ಡ್ ಮಾಡುವವನು ಅವನೇ. ಕೈಯಲ್ಲಿ ಲ್ಯಾಮಿನೇಷನ್ ಮೆಷಿನ್ ಇದ್ದರೆ ಸುಮ್ಮನಿರುತ್ತಾನೆಯೇ? ಬೈಕಿನ ಆರ್‌ಸಿ, ತಂಗಿಯ ಮಾರ್ಕ್ಸ್ ಕಾರ್ಡ್, ಕ್ಯಾಂಟೀನಿನ ತಿಂಡಿ ಪಟ್ಟಿ, ಸಿಕ್ಕಿದ್ದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸುತ್ತಿದ್ದ.

ಹೋದ ವಾರ ಅವಳೊಂದು ಕವರ್ ತಂದು ಕೊಟ್ಟಳು. ಒಳಗೆ ಅವಳಮ್ಮನ ಫೋಟೋ, ಮಡಿಲಲ್ಲಿ ಪುಟ್ಟ ಧನಲಕ್ಷ್ಮಿ. ಅವಳಿಗೆ ಬುದ್ಧಿ ಬರುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಇದ್ದದ್ದು ಅದೊಂದೇ ಫೋಟೋ.

"ಮಹದೇವಪುರದ ನಮ್ಮನೆ ಮೇಲೆ ಬಾಡಿಗೆಗೆ ಅಂತ ಇನ್ನೊಂದು ಮಹಡಿ ಕಟ್ಟಿಸ್ತಿದ್ದಾರೆ. ಗೋಡೆಯೆಲ್ಲ ನೀರು, ಸಿಮೆಂಟ್ ಧೂಳು. ನಿಮ್ಮ ಬೀರುನಲ್ಲಿ ಇಟ್ಕೊಳ್ತೀರಾ? ನಿಮ್ಮ ಹತ್ರ ಇದ್ರೆ ನಂಗೆ ಧೈರ್ಯ."

ಇಟ್ಟು ಸುಮ್ಮನಿರಬೇಕಿತ್ತು ತಾನೇ? ಇಲ್ಲ. ಎಂದೆಂದಿಗೂ ಹಾಳಾಗದ ಹಾಗೆ ಮಾಡಿಕೊಟ್ಟು, ಅದೇ ಖುಷಿಯಲ್ಲಿ ಮದುವೆ ಮಾತು ತೆಗೆಯೋಣ ಅಂತ ಮಹಾಶಯನ ಲೆಕ್ಕ. ಮೆಷಿನ್ನಿಗೆ ಹಾಕಿದ. ಹಳೇ ಫೋಟೋ, ಬಿಸಿ ರೋಲರ್. ಅರ್ಧದಲ್ಲೇ ಸಿಕ್ಕಿಕೊಂಡಿತು. ಎಳೆದು ತೆಗೆದಾಗ ಅಮ್ಮನ ಮುಖದ ತುಂಬ ಗುಳ್ಳೆ ಎದ್ದಿತ್ತು.

ಆವತ್ತಿಂದ ಅವಳ ಕಣ್ಣಿಗೆ ಬೀಳದ ಹಾಗೆ ಓಡಾಡಿದ. ಕೊನೆಗೆ ಫೋನಿನ ಯಾವುದೋ ಆ್ಯಪ್‌ಗೆ ಆ ಹಾಳಾದ ಫೋಟೋನೇ ಹಾಕಿದ. ಅದು ನುಣ್ಣಗಿನ ಹೊಸ ಮುಖ ಮಾಡಿಕೊಟ್ಟಿತು. ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಸಂಜೆ ಶಿಫ್ಟ್ ಬಿಟ್ಟಾಗ ಕಂಪನಿ ಬಸ್ಸಿನ ಹತ್ತಿರ ಅವಳ ಕೈಗಿಟ್ಟ.

ಅವಳು ತುಂಬ ಹೊತ್ತು ನೋಡಿದಳು. ಬೆರಳು ಗಾಜಿನ ಮೇಲೆ ಸರಿದು ತುಟಿಯ ಹತ್ತಿರ ನಿಂತಿತು.

"ಎಷ್ಟು ಚೆನ್ನಾಗಿ ಮಾಡಿಸಿದ್ದೀರ. ಆದ್ರೆ ಫೋಟೋದಲ್ಲಿ ಅಮ್ಮನ ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಇತ್ತು. ಕಾಣ್ತಿಲ್ಲ." ಫ್ರೇಮನ್ನು ಅತ್ತಿತ್ತ ವಾಲಿಸಿ ಬೆಳಕಿಗೆ ಹಿಡಿದು ಹುಡುಕಿದಳು. "ನಾನೇ ತಪ್ಪು ನೆನಪಿಟ್ಕೊಂಡಿದ್ನೇನೋ."

ಅದು ಅವನಿಗೆ ತಡೆಯಲಾಗಲಿಲ್ಲ. ಫೋಟೋ ಹಾಳು ಮಾಡಿದ್ದು ಸಾಲದು ಅಂತ, ಈಗ ಅವಳ ನೆನಪನ್ನೂ ಹಾಳು ಮಾಡುತ್ತಿದ್ದ.

"ಧನು, ಅದು ನಿಮ್ಮಮ್ಮ ಅಲ್ಲ. ಫೋನಿನ ಆ್ಯಪ್ ಮಾಡಿದ ಮುಖ." ಬ್ಯಾಗಿನಿಂದ ಗುಳ್ಳೆ ಎದ್ದ ಫೋಟೋ ತೆಗೆದುಕೊಟ್ಟ. "ಇದು. ನಾನೇ ಮೆಷಿನ್ನಿಗೆ ಹಾಕಿ ಸುಟ್ಟೆ."

ಅವಳು ಫೋಟೋ ನೋಡಿದಳು, ಆಮೇಲೆ ಅವನನ್ನು.

"ಹಾಳಾಯ್ತು ಅಂತ ಹೇಳೋದು ಬಿಟ್ಟು, ಯಾರನ್ನೋ ತಂದು ಅಮ್ಮ ಅಂತ ಕೊಟ್ರಲ್ಲ, ಯಾಕೆ?"

"ನೀವು ಮತ್ತೆ ಮಾತಾಡ್ಸಲ್ಲ ಅಂತ ಭಯ ಆಯ್ತು. ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಹೊರಟವನು ಇಂಥ ಕೆಲಸ ಮಾಡ್ಕೊಂಡೆ. ಯಾವ ಮುಖ ಇಟ್ಕೊಂಡು ಕ್ಷಮಿಸಿ ಅನ್ಲಿ?"

ಅವಳ ಕಣ್ಣು ತುಂಬಿತು. ಫ್ರೇಮನ್ನು ಅವನಿಗೇ ವಾಪಸ್ ಕೊಟ್ಟು, ಹಾಳಾದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಳಗಿನ ಮೂಲೆ ಮಾತ್ರ ಹಾಗೇ ಇತ್ತು. ಮಗುವಿನ ಸೊಂಟ ಬಳಸಿದ ಒಂದು ಕೈ, ಅದರ ತುಂಬ ಹಸಿರು ಬಳೆ.

"ಕೈ ಉಳ್ಕೊಂಡಿದೆ," ಅಂದಳು.

ಬಸ್ಸಿನವನು ಹಾರ್ನ್ ಹೊಡೆದ. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ನಂದೀಶ್ ಕೆಳಗೇ ನಿಂತಿದ್ದ.

"ಮನೇಲಿ ಅಜ್ಜಿಗೂ ತನ್ನ ಮಗಳದ್ದು ಅಂತ ಇದ್ದದ್ದು ಇದೊಂದೇ ಫೋಟೋ. ನಾನು ಹೇಳಲ್ಲ. ನೀವೇ ಬಂದು ಹೇಳ್ಬೇಕು."

"ಬರ್ತೀನಿ. ನಾನು ಯಾರು ಅಂತ ಹೇಳ್ತೀರ ಅವರಿಗೆ?"

"ಫೋಟೋ ಹಾಳು ಮಾಡಿದವರು ಅಂತ." ಅವಳು ಮುಖ ತಿರುಗಿಸಿಕೊಂಡಳು. "ಮಿಕ್ಕಿದ್ದನ್ನ ನೀವೇ ಹೇಳ್ಕೊಳ್ಳಿ. ಸುಳ್ಳು ಮಾತ್ರ ಬೇಡ."

ಆಮೇಲೆ ಪಕ್ಕದ ಸೀಟಿನ ಮೇಲಿದ್ದ ತನ್ನ ಟಿಫನ್ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಆ ಸೀಟು ಖಾಲಿ ಮಾಡಿದಳು.