ಬೇಲಿಯಾಚೆಯ ಹಂದಿ

ಕಡಲ ನೀರು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ ಹೊಂಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಮಣ್ಣಿಗೆ ಒಂದು ನೇಮವಿತ್ತು. ಒಡೆಯರ ಅಪ್ಪಣೆಯಿಲ್ಲದೆ ಅವರ ನೆಲದಲ್ಲಿ ಬೇಟೆಯಾಡಿದರೆ, ಬಿಟ್ಟ ಬಾಣ ಬೇಟೆಗಾರನ ಮೈಗೇ ತಿರುಗಿ ಬರುತ್ತಿತ್ತು.

ಕರ್ಬುರನೆಂಬ ಮಾಯಾವಿ ಆ ರಾಜ್ಯದಲ್ಲಿ ತಿಂಗಳೆಲ್ಲ ಗಾಳಿಯಾಗಿ ಅಲೆಯುತ್ತಿದ್ದ. ಅವನು ಸೋಕಿದವರು ಕಲ್ಲಾಗುತ್ತಿದ್ದರು. ಹುಣ್ಣಿಮೆಯ ಹಗಲು ಮಾತ್ರ ಅವನಿಗೆ ಕಾಡುಹಂದಿಯ ಮೈ ಬರುತ್ತಿತ್ತು. ಆಗ ಅವನನ್ನು ಕೊಂದರೆ ಕಲ್ಲಾದವರೆಲ್ಲ ಏಳುತ್ತಾರೆ ಎಂಬ ಮಾತಿತ್ತು.

ಬೇಟೆಗಾರ ಕೆಂಚನ ತಂಗಿ ಹೂವಿ ಕಲ್ಲಾಗಿದ್ದಳು. ಆ ಕಲ್ಲಿನ ಕೊರಳಲ್ಲಿ ಬಿರುಕು ಬಿಟ್ಟಿತ್ತು. ಇನ್ನೊಂದು ಹುಣ್ಣಿಮೆಯವರೆಗೆ ಅದು ಉಳಿಯುವಂತಿರಲಿಲ್ಲ.

ಹುಣ್ಣಿಮೆ ಬಂತು. ಹಂದಿ ದುಗ್ಗಜ್ಜಿ ಎಂಬ ಮುದುಕಿಯ ಕುರುಚಲು ಕಾಡಿಗೆ ನುಗ್ಗಿತು. ಅದನ್ನು ಅಟ್ಟಿ ಬಂದ ಹೊಂಗಿರಿಯ ಯುವರಾಜ ಅಪ್ಪಣೆ ಕೇಳದೆ ಬೇಲಿ ಮುರಿದು ಒಳಹೊಕ್ಕು ಬಾಣ ಬಿಟ್ಟ. ಬಾಣ ಗಾಳಿಯಲ್ಲೇ ಹೊರಳಿ ಬಂದು ಅವನ ಭುಜಕ್ಕೆ ನಾಟಿತು. ಅವನನ್ನು ಪಲ್ಲಕ್ಕಿಯಲ್ಲಿ ಹೊತ್ತೊಯ್ದರು.

ಕೆಂಚ ಬೇಲಿಯ ಹೊರಗೆ ಮೆಟ್ಟು ಕಳಚಿದ, ಬಿಲ್ಲಿನ ಹೆದೆ ಇಳಿಸಿದ, ಕೈಮುಗಿದು ನಿಂತ.

"ಏನೋ, ಕಾಲಿಗೆ ಬೇರು ಬಿಟ್ಟಿದೆಯಾ? ಬೇಲಿ ಹೇಗೂ ಮುರಿದಿದೆಯಲ್ಲ, ಬಾ!" ಎಂದು ದುಗ್ಗಜ್ಜಿ ಕೆಣಕಿದಳು.

"ಮುರಿದ ಬೇಲಿ ಅಪ್ಪಣೆಯಲ್ಲ, ಅಜ್ಜಿ. ನೀವು ಹೇಳಬೇಕು."

"ಎಷ್ಟು ಪ್ರಾಣಿ ಹೊಡೀತೀಯ?"

"ಒಂದೇ. ಆ ಹಂದಿ."

"ನನ್ನ ಮೊಲಗಳ ತಂಟೆಗೆ ಹೋದೆಯೋ, ಕಿವಿ ಕಿತ್ತುಬಿಡ್ತೀನಿ. ಹೋಗು ಮಗಾ."

ಕೆಂಚ ಹಂದಿಯನ್ನು ಅಟ್ಟಿದ. ಹಂದಿ ಕಾಡು ದಾಟಿ ಕೆರೆಗೆ ಹಾರಿ, ನಡುನೀರಲ್ಲೇ ಉಳಿಯಿತು. ಕೆರೆಯ ಒಡೆಯ ಮುನ್ನೂರು ವರ್ಷದ ಆಮೆ. ಕೆಂಚ ಮತ್ತೆ ಹೆದೆ ಇಳಿಸಿ ದಡದಲ್ಲಿ ನಿಂತ. ಆಮೆ ಕತ್ತು ಹೊರಹಾಕಲು ಒಂದು ಗಳಿಗೆ, ಕಣ್ಣು ತೆರೆಯಲು ಒಂದು ಗಳಿಗೆ, ಬಾಯಿ ತೆರೆಯಲು ಇನ್ನೊಂದು ಗಳಿಗೆ ತೆಗೆದುಕೊಂಡಿತು. ಹೊತ್ತು ಪಡುವಣಕ್ಕೆ ವಾಲಿತು. ಆದರೂ ಕೆಂಚ ಮಿಸುಕಲಿಲ್ಲ.

"ಅಟ್ಟು," ಎಂದಿತು ಆಮೆ. "ನನ್ನ ನೀರಿಗೆ ರಕ್ತ ಬೀಳಕೂಡದು."

ಕೆಂಚ ಬಾಣ ಬಿಡದೆ, ನೀರಿಗಿಳಿದು, ಕೂಗಿ ಕೂಗಿ ಹಂದಿಯನ್ನು ಆಚೆ ದಡಕ್ಕೆ ಹತ್ತಿಸಿದ.

ಆಚೆ ಒಂದು ಬಯಲು. ಅದರ ಅಂಚಿನಲ್ಲಿ ಆಳೆತ್ತರದ ಗಡಿಗಲ್ಲು. ಹಂದಿ ಗಡಿ ದಾಟಿ, ತಿರುಗಿ ನಿಂತು, ಮನುಷ್ಯರಂತೆ ನಕ್ಕಿತು.

"ಬಾರೋ ನೇಮದವನೇ! ಇದು ನನ್ನ ನೆಲ. ನಾನೇ ಒಡೆಯ. ಅಪ್ಪಣೆ ಕೇಳು ನೋಡೋಣ!"

ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತ್ತು. ಹಂದಿ ಹತ್ತೇ ಮಾರು ದೂರದಲ್ಲಿತ್ತು. ಕೆಂಚ ಹೆದೆಯೇರಿಸಿ ಗುರಿ ಹಿಡಿದ, ಆದರೆ ಬಾಣ ಬಿಡಲಿಲ್ಲ. ಅವನು ಹೆದೆ ಇಳಿಸಿದ.

ಆಗ ಅವನಿಗೆ ಬಯಲಿನ ಹುಲ್ಲು ಕಂಡಿತು. ಗಾಳಿಯಿರಲಿಲ್ಲ. ಆದರೂ ಒಂದೊಂದು ಎಸಳೂ ಹಂದಿಗೆ ಬೆನ್ನು ಮಾಡಿ ಗಡಿಗಲ್ಲಿನತ್ತ ಬಾಗಿತ್ತು, ಕರುಗಳು ಸಾಕಿದವರತ್ತ ಕತ್ತು ಚಾಚಿದಂತೆ.

ಇದೂ ಕಲ್ಲಾದ ಮನುಷ್ಯನಿರಬೇಕು ಎಂದು ಕೆಂಚನಿಗೆ ಹೊಳೆಯಿತು. ಅವನು ಕಲ್ಲಿನ ಮುಂದೆ ಮಂಡಿಯೂರಿದ.

"ಅಯ್ಯಾ, ನೀವು ಯಾರೋ ತಿಳಿಯದು. ಈ ನೆಲ ನಿಮ್ಮದಾದರೆ, ಒಂದು ಹಂದಿಯನ್ನು ಹೊಡೆಯಲು ಅಪ್ಪಣೆ ಕೊಡಿ."

"ಕಲ್ಲನ್ನು ಕೇಳ್ತಾನೆ, ಹುಚ್ಚ!" ಎಂದು ಹಂದಿ ಕಿರುಚಿತು. ಆ ದನಿಯಲ್ಲಿ ಈಗ ನಗುವಿರಲಿಲ್ಲ.

ಕಲ್ಲಿನ ಮೇಲಿನ ಹಾವಸೆ ಬಿರಿಯಿತು. ಒಳಗಿನಿಂದ ಒಬ್ಬ ಮುದುಕನ ದನಿ, ನೆಲವೇ ಮಾತಾಡಿದಂತೆ, ಬಯಲು ತುಂಬ ಕೇಳಿಸಿತು.

"ನನ್ನ ಹೊಲ ಇದು. ನನ್ನನ್ನು ಕಲ್ಲು ಮಾಡಿ ಅವನು ಕಿತ್ತುಕೊಂಡ. ನೂರು ವರ್ಷದಲ್ಲಿ ಕೇಳಿದವನು ನೀನೊಬ್ಬನೇ. ಹೊಡಿ, ಮಗಾ."

ಕೆಂಚ ಹೆದೆಯೇರಿಸಿದ. ಬಾಣ ಹೋಯಿತು. ತಿರುಗಿ ಬರಲಿಲ್ಲ.

ಹಂದಿ ಬಿದ್ದ ಕಡೆ ಒಂದು ಹಿಡಿ ಬೂದಿಯಿತ್ತು. ರಾಜ್ಯದುದ್ದಕ್ಕೂ ಕಲ್ಲುಗಳು ಉಸಿರೆಳೆದುಕೊಂಡು ಎದ್ದವು. ಗಡಿಗಲ್ಲಿದ್ದ ಕಡೆ ಮುದುಕ ಸೊಂಟ ಹಿಡಿದುಕೊಂಡು ನಿಂತಿದ್ದ. ಹೂವಿ ಕೊರಳು ಸವರಿಕೊಳ್ಳುತ್ತ ಮನೆಯ ಬಾಗಿಲಲ್ಲಿ ಅಣ್ಣನನ್ನು ಕಾಯುತ್ತಿದ್ದಳು.

ಮುಂದಿನ ಬೇಟೆಯ ಕಾಲಕ್ಕೆ ರಾಜನೇ ದುಗ್ಗಜ್ಜಿಯ ಬೇಲಿಯ ಹೊರಗೆ ಬಂದು, ಮೆಟ್ಟು ಕಳಚಿ, ಕೈಮುಗಿದು ಕೇಳಿದ.

"ಅಪ್ಪಣೆಯುಂಟೇ, ಅಜ್ಜಿ?"

"ಇಲ್ಲ," ಎಂದಳು ದುಗ್ಗಜ್ಜಿ.

ರಾಜ ಮೆಟ್ಟು ಹಾಕಿಕೊಂಡು ಹಿಂತಿರುಗಿದ. ಆ ರಾಜ್ಯದಲ್ಲಿ ಅಂದಿನಿಂದ ಎಲ್ಲರೂ ಸುಖವಾಗಿದ್ದರು, ಮೊಲಗಳೂ ಕೂಡ.